ತಲೆಗಿಡ ಒಪ್ಪುವ ತನಕ

ನಮ್ಮೂರಿನಲ್ಲಿ ಸಾವಿನ ಸುದ್ದಿಯನ್ನು ತೋಟದ ಬೇಲಿ ದಾಟಿಸುವುದಿಲ್ಲ. ಮನೆಯಲ್ಲಿ ಎಷ್ಟಾದರೂ ಅಳಬಹುದು, ಬೀದಿಯಲ್ಲಿ ಬಿದ್ದು ಹೊರಳಬಹುದು, ಯಾರೂ ಬೇಡವೆನ್ನುವುದಿಲ್ಲ. ಆದರೆ ತಡಿಕೆ ಸರಿಸಿ ತೋಟದೊಳಗೆ ಕಾಲಿಡುವ ಮುಂಚೆ ಮುಖ ತೊಳೆದುಕೊಳ್ಳಬೇಕು. ಅದಕ್ಕೆಂದೇ ಪ್ರತಿ ತೋಟದ ಬಾಗಿಲಲ್ಲೂ ಒಂದು ಬಾನಿ ನೀರಿರುತ್ತದೆ. ಗಿಡಗಳಿಗೆ ತಮ್ಮನ್ನು ನೆಟ್ಟ ಕೈ ಒಂದೇ ಗೊತ್ತು. ಆ ಕೈ ಹೋಯಿತೆಂದು ತಿಳಿದರೆ ಅವೂ ಹೊರಟುಬಿಡುತ್ತವೆ. ಹಾಗಾಗಿ ನೆಟ್ಟವರು ಶಿವನ ಪಾದ ಸೇರಿದಾಗ ಮನೆಯವರಲ್ಲಿ ಒಬ್ಬರು ಅವರ ಬಟ್ಟೆ ತೊಟ್ಟು, ಅವರ ನಡಿಗೆ ನಡೆದು, ಅವರ ದನಿಯಲ್ಲೇ ಮಾತಾಡುತ್ತ ತೋಟ ನೋಡಿಕೊಳ್ಳಬೇಕು. ಇದಕ್ಕೆ ನಮ್ಮಲ್ಲಿ ‘ನಿಲ್ಲುವುದು’ ಅನ್ನುತ್ತಾರೆ. ನಿಂತವರ ಆರೈಕೆಯಲ್ಲಿ ಗಿಡ ಕಾಯಿ ಕಟ್ಟಿ, ಆ ಕಾಯಿ ಹಣ್ಣಾದರೆ, ಗಿಡ ಒಪ್ಪಿತು ಎಂದು ಅರ್ಥ. ಆಮೇಲೆ ಅದಕ್ಕೆ ನಿಜ ಹೇಳಬಹುದು, ಸತ್ತವರ ಬಟ್ಟೆಯನ್ನು ಹೊಳೆಗೆ ಬಿಡಬಹುದು. ಮೂರು ಸಲ ಹೂ ಬಿಡುವ ತನಕ ಗಿಡ ಕಾಯುತ್ತದೆ. ಅದಕ್ಕೂ ಮೀರಿ ಕಾಯುವ ತಾಳ್ಮೆಯನ್ನು ದೇವರು ಗಿಡಕ್ಕೆ ಕೊಟ್ಟಿಲ್ಲ.

ಊರಿನಲ್ಲಿ ಯಾರೂ ಇದನ್ನು ದೊಡ್ಡ ಸಂಗತಿ ಮಾಡುವುದಿಲ್ಲ. ಸಂತೆ ದಾರಿಯಲ್ಲಿ ಮೀಸೆ ಬರೆದುಕೊಂಡ ಹೆಂಗಸು ಎದುರಾದರೆ “ತೋಟದ ಕಡೆ ಹೊರಟ್ರಾ” ಅಂತ ಕೇಳಿ ದಾರಿ ಬಿಡುತ್ತಾರೆ. ಕುಂಟುತ್ತಿದ್ದ ಅಜ್ಜನಿಗೆ ನಿಂತ ಮೊಮ್ಮಗನೊಬ್ಬ ಕುಂಟಿ ಕುಂಟಿ ಈಗ ನಿಜಕ್ಕೂ ಕುಂಟನಾಗಿದ್ದಾನೆ. ಮೇಲುಬೀದಿಯ ಸೊಸೆಯೊಬ್ಬಳು ಮಾವನಿಗೆ ನಿಂತಿದ್ದಳು. ಗಿಡ ಒಪ್ಪಿ ಎಷ್ಟೋ ಕಾಲವಾದರೂ ನಸ್ಯದ ಡಬ್ಬಿ ಅವಳ ಸೊಂಟ ಬಿಟ್ಟಿಲ್ಲ. ನಿಂತವರು ಪೂರ್ತಿಯಾಗಿ ವಾಪಸು ಬರುವುದಿಲ್ಲ ಅಂತ ಹಿರಿಯರು ಹೇಳುತ್ತಾರೆ, ಹೇಳಿ ನಗುತ್ತಾರೆ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ನನ್ನ ತವರು ಜೋಳದ ಸೀಮೆ. ಸೀತಾಫಲವನ್ನು ತಿಂದಿದ್ದೆನೇ ಹೊರತು ಅದರ ಗಿಡ ಹೇಗಿರುತ್ತದೆಂದು ಕಂಡಿರಲಿಲ್ಲ. ನನ್ನ ಗಂಡ ಗುರುಸಿದ್ದಪ್ಪನವರು ಗುಡ್ಡದ ಓರೆಯ ತುಂಬ ಸೀತಾಫಲ ನೆಟ್ಟಿದ್ದರು. “ಹಣ್ಣಿನ ಕಾಲ ಬರಲಿ, ಕರ್ಕೊಂಡು ಹೋಗಿ ತೋರಿಸ್ತೀನಿ” ಅನ್ನುತ್ತಿದ್ದರು. ಹಣ್ಣಿನ ಕಾಲ ಬಂತು. ಮೊದಲ ಕೊಯ್ಲಿನ ಬುಟ್ಟಿಗಳ ಜೊತೆ ದೂರದ ಪೇಟೆಗೆ ಹೊರಟವರು ಘಾಟಿಯ ತಿರುವಿನಲ್ಲಿ ಗಾಡಿ ಉರುಳಿ ಹೋದರು. ಅವರ ದೇಹವನ್ನು ತೋಟದ ಮುಂದಿನ ದಾರಿಯಲ್ಲಿ ತರದೆ ಹೊಳೆಯ ಕಡೆಯಿಂದ ಬಳಸಿ ತಂದರು. ಗಿಡಗಳಿಗೆ ಏನೂ ತಿಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಯಾರು ನಿಲ್ಲುವುದೆಂಬ ಮಾತೆದ್ದಿತು. ಮನೆಯಲ್ಲಿ ಉಳಿದವರು ಇಬ್ಬರೇ, ನಾನು ಮತ್ತು ನನ್ನ ಅತ್ತೆ ನಿಂಗಾಜಮ್ಮ. ಅತ್ತೆಯ ಮಂಡಿ ಗುಡ್ಡದ ಕೆಲಸಕ್ಕೆ ಬಗ್ಗುವಂಥದ್ದಲ್ಲ. ಪಕ್ಕದ ತೋಟದ ಪರ್ವತಯ್ಯನವರು ಜಗಲಿಯ ಮೇಲೆ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎತ್ತರ ಸರಿಹೊಂದುತ್ತೆ. ದನಿ ಒಂದು ಸ್ವಲ್ಪ ಒಡೀಬೇಕು. ಒಡೀತದೆ ಬಿಡಿ, ಅತ್ತೂ ಅತ್ತೂ ಅರ್ಧ ಒಡೆದೇ ಇದೆ” ಅಂದರು. ನನ್ನ ಗಂಡನ ದನಿ ಗೊಗ್ಗರು. ಮಾತಿಗೆ ಮುಂಚೆ ಒಂದು ಸಲ ಗಂಟಲು ಸರಿಮಾಡಿಕೊಳ್ಳುವುದು ಅವರ ಅಭ್ಯಾಸ. ನಾನು ಒಲೆಯ ಮುಂದೆ ಕೂತು ಅದನ್ನು ಕಲಿತೆ.

ಮೊದಲ ಸಲ ತೋಟ ನೋಡಲು ಹೋದದ್ದು ಹಾಗೆ, ಅವರ ಅಂಗಿ ತೊಟ್ಟು, ಅವರ ಟವೆಲ್ಲನ್ನು ತಲೆಗೆ ಸುತ್ತಿಕೊಂಡು. ಅಂಗಿಯನ್ನು ಒಗೆಯಲು ಅತ್ತೆ ಬಿಟ್ಟಿರಲಿಲ್ಲ. ಬಾನಿಯ ನೀರಿನಲ್ಲಿ ಇಬ್ಬರೂ ಮುಖ ತೊಳೆದೆವು. ತಡಿಕೆಯ ಈಚೆ “ಹುಷಾರು ಕಣವ್ವ, ಕಲ್ಲಿದೆ” ಅಂದ ಅತ್ತೆ, ಆಚೆ ಕಾಲಿಟ್ಟೊಡನೆ ನನ್ನ ಕಡೆ ತಿರುಗಿ, “ಬಾ ಮಗನೇ, ಎಷ್ಟು ದಿನ ಆಯ್ತು ನೀನು ಈ ಕಡೆ ಬಂದು” ಅಂದರು. ಆ ಮಾತಿನಲ್ಲಿ ನಟನೆ ಇರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು “ಬಂದೆ ಅವ್ವ” ಅಂದೆ. ಅತ್ತೆಯ ಮುಖದಲ್ಲಿ ಏನೋ ಒಂದು ದೀಪ ಹತ್ತಿಕೊಂಡಿತು. ಅದನ್ನು ಕಂಡು ನನಗೆ ಸಮಾಧಾನವೂ ಆಯಿತು, ಒಂಥರಾ ಭಯವೂ ಆಯಿತು.

ತೋಟದ ನೆತ್ತಿಯಲ್ಲಿ ತಲೆಗಿಡ. ಅವರು ಮೊಟ್ಟಮೊದಲು ನೆಟ್ಟದ್ದು ಅದೇ. ತಲೆಗಿಡ ಒಪ್ಪಿದರೆ ಉಳಿದವು ಒಪ್ಪಿದಂತೆ, ಅದು ಒಣಗಿದರೆ ಗುಡ್ಡವೆಲ್ಲ ಒಣಗಿದಂತೆ. ಅಂಥ ದೊಡ್ಡ ಗಿಡವೇನಲ್ಲ. ನಾನು ಕೈಯೆತ್ತಿದರೆ ತುದಿ ಸಿಗುತ್ತಿತ್ತು. ಎಲೆ ಹಳದಿಗೆ ತಿರುಗಿತ್ತು. ಅದರ ಕೆಳಗೆ ನಿಂತಾಗ ಅದು ನನ್ನನ್ನು ಮೂಸಿ ನೋಡುತ್ತಿದೆ ಅನ್ನಿಸಿತು. ಮನಸ್ಸಿನಲ್ಲೇ ಶಿವನಾಮ ಹೇಳಿಕೊಂಡೆ.

ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿತು. ಮೊದಲ ಮಳೆ ಬಿದ್ದ ಮೇಲೆ ಹೊಸ ಚಿಗುರು ಬಂತು, ಚಿಗುರಿನ ಬುಡದಲ್ಲಿ ಹೂ ಇಳಿಬಿದ್ದಿತು. ಹೂವೆಂದರೆ ಹೂವಿನ ಹಾಗೂ ಇಲ್ಲ. ಹಸಿರು ಬಣ್ಣದ ಮೂರು ದಪ್ಪ ಎಸಳು, ಒಂದು ಬೆರಳಿನ ಗೆಣ್ಣಿನಷ್ಟು ಉದ್ದ. ಅದನ್ನು ಕಾಯಿ ಮಾಡುವುದು ಹೇಗೆಂದು ಅತ್ತೆ ನನಗೆ ಕಲಿಸಬೇಕು, ಆದರೆ ಕಲಿಸುತ್ತಿರುವುದು ಗಿಡಕ್ಕೆ ತಿಳಿಯಬಾರದು. ಎಲ್ಲವನ್ನೂ ಬಲ್ಲ ಮಗನಿಗೆ ಯಾರು ಪಾಠ ಹೇಳುತ್ತಾರೆ? ಅದಕ್ಕೆ ಅತ್ತೆ ನೆನಪು ಮಾಡಿಕೊಡುವವರ ಹಾಗೆ ಮಾತಾಡುತ್ತಿದ್ದರು. “ನೀನೇ ಹೇಳಿದ್ದೆಯಲ್ಲ ಮಗ, ಈ ಹೂ ಮೊದಲ ದಿನ ಹೆಣ್ಣು, ಇಷ್ಟೇ ಇಷ್ಟು ಬಾಯಿ ಬಿಟ್ಟಿರುತ್ತೆ ಅಂತ. ಮಾರನೇ ದಿನ ಅದೇ ಹೂ ಗಂಡಾಗುತ್ತೆ, ಎಸಳು ಅಗಲ ಮಾಡಿ ಪುಡಿ ಉದುರಿಸುತ್ತೆ. ಅಷ್ಟೊತ್ತಿಗೆ ಒಳಗಿರೋ ಹೆಣ್ಣು ಒಣಗಿರುತ್ತೆ. ಒಂದೇ ಮನೇಲಿದ್ರೂ ಇಬ್ರೂ ಒಬ್ಬರ ಮುಖ ಒಬ್ಬರು ನೋಡಲ್ಲ. ಅದಕ್ಕೇ ಅಲ್ವಾ ನೀನು ನಿನ್ನೆ ಹೂವಿನ ಪುಡಿ ಚಿಪ್ಪಿಗೆ ಹಿಡ್ಕೊಂಡು, ಕುಂಚದಲ್ಲಿ ಇವತ್ತಿನ ಹೂವಿಗೆ ಮುಟ್ಟಿಸೋದು.” ನಾನು “ಹೂಂ ಅವ್ವ, ಮರೆತಿಲ್ಲ” ಅನ್ನುತ್ತ ಅವರ ಕಣ್ಣು ಹೋದ ಕಡೆಗೆ ಕೈ ಕೊಂಡೊಯ್ಯುತ್ತಿದ್ದೆ. ಎಸಳನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿದರೆ ಒಳಗೊಂದು ಸಣ್ಣ ಗುಡ್ಡ, ಅದರ ಮೈತುಂಬ ಬಿಳಿಯ ಮೊನೆಗಳು. ಪುಡಿ ಮುಟ್ಟಿದ ಪ್ರತಿ ಮೊನೆಯೂ ಹಣ್ಣಿನಲ್ಲಿ ಒಂದು ಕಣ್ಣಾಗುತ್ತದೆ, ಒಂದು ಬೀಜ, ಬೀಜದ ಸುತ್ತ ಒಂದು ತೊಳೆ. ಮುಟ್ಟದೆ ಬಿಟ್ಟದ್ದು ಗುಳಿಯಾಗಿ ಉಳಿಯುತ್ತದೆ. ನಾವು ತಿನ್ನುವ ಹಣ್ಣಿನ ಮೈಮೇಲಿನ ಒಂದೊಂದು ಕಣ್ಣನ್ನೂ ಯಾರೋ ಹೀಗೆ ಉಸಿರು ಬಿಗಿಹಿಡಿದು ಮುಟ್ಟಿರುತ್ತಾರೆಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಬೇಲಿಯಾಚೆಯಿಂದ ಪರ್ವತಯ್ಯ ಕೂಗುತ್ತಿದ್ದರು. “ಏನ್ಲಾ ಗುರುಸಿದ್ದ, ಕುಂಚ ಹಿಡಿಯೋ ಕೈ ನಡುಗ್ತದೆ? ಮದುವೆ ಆದ್ಮೇಲೆ ಮಂಕಾದೆ ಕಣ್ಲಾ.” ನಾನು ಗೊಗ್ಗರು ದನಿಯಲ್ಲಿ “ನಿಮ್ಮಷ್ಟು ಆಗಿಲ್ಲ ಬಿಡಿ ದೊಡ್ಡಪ್ಪ” ಅನ್ನುತ್ತಿದ್ದೆ. “ಹೆಂಡ್ತಿ ಹೆಂಗವ್ಳೆ?” ಅಂತ ಕೇಳುತ್ತಿದ್ದರು. ಗಿಡದ ಕಿವಿಗೆ ಬೀಳಲಿ ಅಂತ ಕೇಳುವ ಮಾತು ಅದು. “ಚೆನ್ನಾಗವ್ಳೆ. ಮನೇಲವ್ಳೆ” ಅನ್ನುತ್ತಿದ್ದೆ. ಸಂಜೆ ಮನೆಗೆ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಒಳಗೆ ಹೋದರೆ ಆ ಮನೆಯಲ್ಲಿ ಚೆನ್ನಾಗಿರುವವಳು ಯಾರೂ ಕಾಣುತ್ತಿರಲಿಲ್ಲ. ಅಳೋಣವೆಂದು ಕೂತರೆ ಅಳುವೂ ಬರುತ್ತಿರಲಿಲ್ಲ. ಬೆಳಗಿನಿಂದ ಅವರಾಗಿ ಓಡಾಡಿದ ಮೈ ಸಂಜೆಗೆ ಅವರಿಗಾಗಿ ಹೇಗೆ ಅತ್ತೀತು?

ಕಾಳುಮೆಣಸಿನಷ್ಟು ಹೀಚು ಕಟ್ಟಿತು. ನನ್ನ ಕೈ ಹಿಡಿಯಿತೆಂದು ಹಿಗ್ಗಿದೆ. ಕೆಲವು ದಿನ ಬಿಟ್ಟು ನೋಡಿದರೆ ತಲೆಗಿಡದಲ್ಲಿ ಒಂದೂ ಇಲ್ಲ. ಆ ವರ್ಷ ಹಾಗೇ ಹೋಯಿತು. ತಲೆಗಿಡ ಬರಿದಾದ ಮೇಲೆ ಉಳಿದ ಗಿಡಗಳೂ ಕಾಯಿ ಉದುರಿಸಿದವು. ನನ್ನದೇ ಏನೋ ತಪ್ಪಿದೆ, ಗಿಡಕ್ಕೆ ಅನುಮಾನ ಬಂದಿದೆ ಅಂದುಕೊಂಡು ಅವರ ನಡಿಗೆಯನ್ನು ಇನ್ನಷ್ಟು ತಿದ್ದಿಕೊಂಡೆ. ಎರಡನೆಯ ಹೂವಿನ ಕಾಲದಲ್ಲೂ ಹೀಚು ಕಟ್ಟಿತು, ಮತ್ತೆ ಮಾಯವಾಯಿತು. ಈ ಸಲ ಪರ್ವತಯ್ಯನವರನ್ನು ಕರೆದು ತೋರಿಸಿದೆ. ಅವರು ಕೊಂಬೆಯನ್ನು ಹತ್ತಿರಕ್ಕೆ ಎಳೆದು ನೋಡಿದರು. ತಮಾಷೆಯ ಮನುಷ್ಯ, ಆದರೆ ಅವತ್ತು ತಮಾಷೆ ಮಾಡಲಿಲ್ಲ. ಆಮೇಲೆ ನನ್ನನ್ನು ಬೇಲಿಯ ಹೊರಗೆ ಕರೆದುಕೊಂಡು ಬಂದು, “ತಾನಾಗಿ ಉದುರಿದ್ರೆ ತೊಟ್ಟಿನ ಸಮೇತ ಕಳಚ್ತದೆ ಕಣವ್ವ. ಇದು ತೊಟ್ಟು ಉಳಿದದೆ. ಯಾರೋ ಉಗುರಲ್ಲಿ ಚಿವುಟವ್ರೆ” ಅಂದರು. ಅಳಿಲಿರಬಹುದೇ ಎಂದೆ. “ಅಳಿಲು ಇಷ್ಟು ನೀಟಾಗಿ ಚಿವುಟಲ್ಲ” ಅಂದು ಟವೆಲ್ಲು ಕೊಡವಿಕೊಂಡು ಹೋದರು.

ಮಾರನೆಯ ಬೆಳಿಗ್ಗೆ ಅತ್ತೆ ಹಿತ್ತಲಿನಲ್ಲಿ ಹೂ ಬಿಡಿಸುತ್ತಿದ್ದಾಗ ನಾನು ದೇವರ ಗೂಡಿನ ದೀಪಕ್ಕೆ ಎಣ್ಣೆ ಹಾಕಲು ಹೋದೆ. ಸಾಮಾನ್ಯವಾಗಿ ಅದು ಅತ್ತೆಯ ಕೆಲಸ. ವಿಭೂತಿಯ ತಟ್ಟೆಯ ಹಿಂದೆ ಒಂದು ಮುಚ್ಚಿಟ್ಟ ಕುಡಿಕೆ ಇತ್ತು. ಬತ್ತಿಯಿರಬಹುದೆಂದು ತೆರೆದೆ. ಒಳಗೆ ಹೀಚುಗಳು. ಹಳೆಯವು ಒಣಗಿ ಕಪ್ಪಾಗಿದ್ದವು, ಮೇಲಿನವು ಇನ್ನೂ ಹಸಿರಾಗಿದ್ದವು. ಒಂದೊಂದಕ್ಕೂ ವಿಭೂತಿ ಹಚ್ಚಿತ್ತು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕಣಗಿಲೆ. ನಾನು ಕುಡಿಕೆ ಮುಚ್ಚಲಿಲ್ಲ, ಅವರು ತಲೆ ತಗ್ಗಿಸಲಿಲ್ಲ. “ಕದ್ದಿಲ್ಲ” ಅಂದರು. “ಶಿವನಿಗೆ ಕೊಟ್ಟೆ. ಇದನ್ನ ನೀನಿಟ್ಕೋ, ಅವನು ನನಗಿರಲಿ ಅಂದೆ.”

“ಅವರು ಎಲ್ಲಿದಾರೆ ಅತ್ತೆ?”

“ತೋಟದಲ್ಲಿ” ಅಂದರು. ಹೂಗಳನ್ನು ತಟ್ಟೆಯಲ್ಲಿಟ್ಟು, ಗೋಡೆ ಹಿಡಿದು ನಿಧಾನವಾಗಿ ಕೂತರು. “ನಿಮ್ಮ ಮಾವ ಹೋದಾಗ ಅವರ ನಿಂಬೆ ಗಿಡಕ್ಕೆ ಇವನೇ ನಿಂತಿದ್ದ. ನಾನು ಅವಸರ ಮಾಡ್ದೆ. ಎಳೇ ಹುಡುಗ, ಅಪ್ಪನ ಪಂಚೇಲಿ ಎಡವಿ ಎಡವಿ ಬೀಳ್ತಿದ್ದ, ನೋಡಿ ನೋಡಿ ಸಾಕಾಗೋಗಿತ್ತು. ಗಿಡ ಬೇಗ ಒಪ್ಪಿತು. ಪಂಚೆ ಹೊಳೆಗೆ ಬಿಟ್ಟು ಬಂದೆ. ಮಾರನೇ ದಿನ ಅವರು ಹೆಂಗೆ ಕೆಮ್ತಿದ್ರು ಅಂತ ನೆನೆಸ್ಕೊಳ್ಳೋಕೆ ಹೋದ್ರೆ ಬರಲಿಲ್ಲ ಕಣವ್ವ. ಅಷ್ಟು ವರ್ಷ ಪಕ್ಕದಲ್ಲಿ ಮಲಗಿ ಕೇಳಿದ ಕೆಮ್ಮು. ಇವತ್ತಿಗೂ ಬಂದಿಲ್ಲ.”

ಹೊರಗೆ ಯಾರೋ ದನ ಹೊಡೆದುಕೊಂಡು ಹೋಗುತ್ತಿದ್ದರು. ನಾನು ಕುಡಿಕೆಯನ್ನು ಅವರ ಮುಂದಿಟ್ಟೆ. ಆಮೇಲೆ ನಾನೆಂದೆ, “ಇನ್ನೊಂದೇ ಹೂವಿನ ಕಾಲ ಉಳಿದಿರೋದು. ಆಗಲೂ ಹಣ್ಣಾಗದಿದ್ದರೆ ಗುಡ್ಡವೆಲ್ಲ ಒಣಗುತ್ತೆ. ಅವರು ನೆಟ್ಟದ್ದು.”

“ಒಣಗಲಿ. ಅದರ ಜೊತೆ ನಾನೂ ಹೋಗ್ತೀನಿ. ಅಲ್ಲೀ ತನಕ ದಿನಾ ಬೆಳಿಗ್ಗೆ ಅವನು ಅವ್ವ ಅಂತಾನೆ. ಸಾಕು ನನಗೆ.”

“ನಾನು?” ಅಂದೆ.

ಅತ್ತೆ ನನ್ನ ಕಡೆ ನೋಡಿದರು, ನೋಡುತ್ತಲೇ ಇದ್ದರು. ಮನೆಗೆ ಈಗ ತಾನೇ ಯಾರೋ ಬಂದಿದ್ದಾರೆ, ಯಾರೆಂದು ಗುರುತು ಹತ್ತುತ್ತಿಲ್ಲ ಅನ್ನುವ ಹಾಗಿತ್ತು ಅವರ ನೋಟ. ಎದ್ದು ಪೂಜೆಗೆ ಕೂತರು.

ಆ ವರ್ಷದ ಬೇಸಿಗೆ ಬಹಳ ದೀರ್ಘವಾಗಿತ್ತು. ತೋಟಕ್ಕೆ ಹೋಗುವುದನ್ನು ನಾವು ಬಿಡಲಿಲ್ಲ. ಅವರು ಮಗನೇ ಅನ್ನುವುದನ್ನು ಬಿಡಲಿಲ್ಲ, ನಾನು ಅವ್ವ ಅನ್ನುವುದನ್ನು ಬಿಡಲಿಲ್ಲ. ಬೋಳು ಗಿಡಗಳ ನಡುವೆ ನಡೆಯುತ್ತ ನಾನು ಒಂದು ತೀರ್ಮಾನಕ್ಕೆ ಬಂದೆ. ನಾನು ಕಟ್ಟಿಸಿದ ಹೀಚನ್ನು ಆಕೆ ಚಿವುಟಬೇಕು, ಆಕೆ ಚಿವುಟಿದ ಕಡೆ ನಾನು ಮತ್ತೆ ಕಟ್ಟಿಸಬೇಕು, ಹೀಗೆ ಒಬ್ಬ ಸತ್ತವನನ್ನು ಇಬ್ಬರು ಹೆಂಗಸರು ಎರಡು ಕಡೆಯಿಂದ ಜಗ್ಗುವುದು ಶಿವ ಮೆಚ್ಚುವ ಕೆಲಸವಲ್ಲ. ಮಳೆ ಬಿದ್ದು ಮೂರನೆಯ ಸಲ ಹೂ ಬಿಟ್ಟಾಗ ನಾನು ಕುಂಚವನ್ನೂ ಚಿಪ್ಪನ್ನೂ ಮನೆಯಲ್ಲೇ ಬಿಟ್ಟು ಬಂದೆ. ಅತ್ತೆ ನನ್ನ ಬರಿಗೈ ನೋಡಿದರು. “ಯಾಕೋ ಮಗ, ಕುಂಚ ತರಲಿಲ್ವಾ?” ಅಂದರು. “ಬೇಡ ಅನ್ನಿಸ್ತು ಅವ್ವ” ಅಂದೆ. ಹೂ ಹೆಣ್ಣಾಗಿ, ಗಂಡಾಗಿ, ಒಂದೊಂದೇ ಉದುರಿ ನೆಲದ ಮೇಲೆ ಕಂದು ಬಣ್ಣಕ್ಕೆ ತಿರುಗಿದವು. ನಾವಿಬ್ಬರೂ ಅವುಗಳ ಮೇಲೆ ನಡೆದಾಡಿದೆವು.

ಹೂವೆಲ್ಲ ಮುಗಿದ ಮೇಲೆ ಒಂದು ದಿನ ಬೆಳಿಗ್ಗೆ ಅತ್ತೆ ನನಗಿಂತ ಮುಂಚೆಯೇ ತೋಟಕ್ಕೆ ಹೋಗಿದ್ದರು. ನಾನು ಹೋದಾಗ ತಲೆಗಿಡದ ಒಳಗೆ ತಲೆ ತೂರಿಸಿ ನಿಂತಿದ್ದರು. ಹತ್ತಿರ ಹೋಗಿ ನೋಡಿದೆ. ಕವಲಿನ ಸಂದಿಯಲ್ಲಿ, ಎಲೆ ಮರೆಯಲ್ಲಿ, ನೆಲ್ಲಿಕಾಯಿ ಗಾತ್ರದ ಒಂದು ಕಾಯಿ. ನಾನು ಮುಟ್ಟಿದ ಹೂವಲ್ಲ. ಈ ಹೂವಿನ ಒಳಗೆ ಸಾಸಿವೆಯಷ್ಟು ಸಣ್ಣ ಕಪ್ಪು ಹುಳ ನುಗ್ಗುತ್ತದೆ. ಒಂದು ಹೂವಿನಲ್ಲಿ ಮೈಗೆ ಹತ್ತಿದ ಪುಡಿಯನ್ನು ಇನ್ನೊಂದು ಹೂವಿಗೆ ತನಗೇ ತಿಳಿಯದೆ ಒಯ್ಯುತ್ತದೆ. ಮನುಷ್ಯರು ಕುಂಚ ಹಿಡಿಯುವ ಮುಂಚಿನಿಂದ ಈ ಕೆಲಸ ಅದರದೇ ಅಂತೆ. ಅತ್ತೆಯ ಹೆಬ್ಬೆರಳೂ ತೋರುಬೆರಳೂ ಆ ಕಾಯಿಯ ತೊಟ್ಟಿನ ಮೇಲಿದ್ದವು. ನಾನು ಕೈ ಕಟ್ಟಿಕೊಂಡು ನಿಂತೆ. ತಡೆಯಬಾರದೆಂದು ನನಗೆ ನಾನೇ ಹೇಳಿಕೊಂಡಿದ್ದೆ.

ಬಹಳ ಹೊತ್ತಿನ ಮೇಲೆ ಅವರು ಬೆರಳು ತೆಗೆದರು. ಸೀರೆಯ ಅಂಚಿನಿಂದ ಒಂದು ತುಂಡು ಹರಿದು ಕಾಯಿಗೆ ಸಡಿಲವಾಗಿ ಸುತ್ತಿ, “ಬಾವಲಿ ಬಾಯಿ ಹಾಕ್ತವೆ” ಅಂದರು.

ಅಲ್ಲಿಂದ ಆ ಕಾಯಿ ಬಲಿಯುವ ತನಕ ಅತ್ತೆ ಮಗನ ಜೊತೆ ಮಾತಾಡಿದಷ್ಟು ಯಾವತ್ತೂ ಮಾತಾಡಿರಲಿಲ್ಲ. ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದರು, ಗಿಡದ ನೆರಳಿನಲ್ಲಿ ಕೂರಿಸಿಕೊಂಡು ತಿನ್ನಿಸುತ್ತಿದ್ದರು. ಚಿಕ್ಕವನಿದ್ದಾಗ ಮಜ್ಜಿಗೆ ಗಡಿಗೆ ಉರುಳಿಸಿದ್ದು, ಕಾಮಾಲೆಯಾದಾಗ ಹರಕೆ ಹೊತ್ತದ್ದು, ನನ್ನನ್ನು ನೋಡಲು ಬಂದ ದಿನ ಚಪ್ಪಲಿ ಕಿತ್ತುಹೋಗಿ ಬರಿಗಾಲಲ್ಲಿ ನಮ್ಮ ತವರಿನ ಬಾಗಿಲಲ್ಲಿ ನಿಂತದ್ದು. “ಅವತ್ತು ದಾರೀಲಿ ಏನಂದೆ ಗೊತ್ತಾ, ಹುಡುಗಿ ನಗೋವಾಗ ತಲೆ ತಗ್ಗಿಸ್ತಾಳೆ ಕಣವ್ವ ಅಂದೆ” ಅಂತ ಅತ್ತೆ ಹೇಳಿದರು. ನನಗೆ ಅದು ಗೊತ್ತಿರಲಿಲ್ಲ. ನಾನು ಗುರುಸಿದ್ದಪ್ಪನವರಾಗಿ ಕೂತು, ನನ್ನ ಬಗ್ಗೆ ನಾನು ಆಡಿದ ಮಾತನ್ನು ಕೇಳಿಸಿಕೊಂಡೆ. ಒಮ್ಮೊಮ್ಮೆ ಅವರು ಮಾತಿನ ನಡುವೆ ಸುಮ್ಮನಾಗಿ “ಒಂಚೂರು ಗಂಟಲು ಸರಿಮಾಡ್ಕೋ ಮಗ” ಅನ್ನುತ್ತಿದ್ದರು. ಮಾಡುತ್ತಿದ್ದೆ. ಅವರು ಕಿವಿಗೊಟ್ಟು ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಕಾಯಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರೆ ಹಣ್ಣಿನ ಕಣ್ಣುಗಳು ಬಿರಿದಿದ್ದವು. ಕಣ್ಣು ಕಣ್ಣಿನ ನಡುವಿನ ಗೆರೆ ಬೆಳ್ಳಗಾಗಿತ್ತು. ಅತ್ತೆ ಅಂಗೈ ಒಡ್ಡಿದರು, ಹಣ್ಣು ಎಳೆಯುವ ಮುಂಚೆಯೇ ಕೈಗೆ ಬಂತು. ಸೊಟ್ಟ ಹಣ್ಣು. ಹುಳ ಮುಟ್ಟಿದ ಒಂದು ಮಗ್ಗುಲು ತುಂಬಿಕೊಂಡಿತ್ತು, ಇನ್ನೊಂದು ಮಗ್ಗುಲು ಗುಳಿ ಬಿದ್ದಿತ್ತು.

ಗಿಡಕ್ಕೆ ನಿಜ ಹೇಳುವುದು ನಿಂತವರ ಕೆಲಸ. ನಾನು ಮುಂದೆ ಹೋದಾಗ ಅತ್ತೆ ನನ್ನ ತೋಳು ಹಿಡಿದರು. “ಹೆತ್ತವಳು ನಾನು. ನಾನು ಹೇಳ್ತೀನಿ” ಅಂದರು. ಹಣ್ಣನ್ನು ಮಡಿಲಲ್ಲಿಟ್ಟುಕೊಂಡು, ಮಂಡಿ ನೋವನ್ನೂ ಲೆಕ್ಕಿಸದೆ ಗಿಡದ ಬುಡದಲ್ಲಿ ಕೂತು, ಸಾವಿನ ಮನೆಗೆ ಹೋದವರು ಆ ಮನೆಯವರ ಬೆನ್ನ ಮೇಲೆ ಕೈಯಿಡುವ ಹಾಗೆ ಅದರ ಮೇಲೆ ಕೈಯಿಟ್ಟರು. “ನಿನ್ನ ನೆಟ್ಟವನು ಹೋದ ಕಣಪ್ಪ” ಅಂದರು. “ಹೋಗಿ ಬಹಳ ದಿನ ಆಯ್ತು. ನಿನಗೆ ಹೇಳಿರಲಿಲ್ಲ. ನಾನೂ ಕೇಳಿಸ್ಕೊಂಡಿರಲಿಲ್ಲ.”

ಗಾಳಿ ಇರಲಿಲ್ಲ. ಎರಡು ಮೂರು ಎಲೆ ಕಳಚಿ ಬಿದ್ದವು, ಅಷ್ಟೇ. ಗಿಡ ನಿಂತೇ ಇತ್ತು. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಇನ್ನು ಮೇಲೆ ಇವಳು ನಿನ್ನವಳು ಅಂತ ಗಿಡಕ್ಕೆ ಹೇಳ್ಬೇಕು. ಯಾರು ಅಂತ ನೀನೇ ಹೇಳವ್ವ.”

ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿದೆ. ಬಾಯಿ ತೆರೆದೆ. ನನ್ನ ದನಿ ಎಲ್ಲಿದೆಯೋ ಸಿಗಲಿಲ್ಲ. ಗಂಟಲು ಸರಿಮಾಡಿಕೊಂಡೆ. “ದಾಕ್ಷಾಯಣಿ” ಅಂತ ಆ ಗೊಗ್ಗರು ದನಿಯೇ ಹೇಳಿತು. ಇದ್ದಾಗ ಅವರು ಒಂದು ದಿನವೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ‘ಇವಳೇ’ ಅನ್ನುತ್ತಿದ್ದರು, ಇಲ್ಲವಾದರೆ ಬಾಗಿಲಲ್ಲಿ ನಿಂತು ಸುಮ್ಮನೆ ಕಾಯುತ್ತಿದ್ದರು.

ಅತ್ತೆ ಕಣ್ಣು ಮುಚ್ಚಿಕೊಂಡರು. “ಇನ್ನೊಂದ್ಸಲ ಹೇಳು” ಅಂದರು.

ಹೇಳಿದೆ. ಈ ಸಲ ಬಂದದ್ದು ಹೆಣ್ಣುದನಿ, ಅಳುವಿನಲ್ಲಿ ನೆನೆದು ಬಂದ ನನ್ನದೇ ದನಿ. ಅದು ನಿಲ್ಲಲಿಲ್ಲ, ಅಷ್ಟು ದಿನ ತಡೆದದ್ದೆಲ್ಲ ಅದರ ಬೆನ್ನಿಗೇ ಬಂತು. ಅತ್ತೆ ಕಣ್ಣು ಮುಚ್ಚಿಕೊಂಡೇ ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದರು, ಹಣ್ಣನ್ನು ಎರಡು ಹೋಳು ಮಾಡಿ ತೊಳೆ ತುಂಬಿದ್ದ ಹೋಳನ್ನು ನನ್ನ ಕೈಯಲ್ಲಿಟ್ಟರು.